ಗಿರಣಿ ಮುಂದೆ ಮಾತು ನಿಂತರೆ

ದಾವಣಗೆರೆ
ಬುಧವಾರ ರಾತ್ರಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಕಡೆಯ ಸುದ್ದಿಯನ್ನೆಲ್ಲ ನಿಮ್ಮಪ್ಪನಿಗೆ ಭಾನುವಾರವೇ ಫೋನಿನಲ್ಲಿ ಹೇಳಿದ್ದೀನಿ, ಮತ್ತೆ ಬರೆಯೋದಿಲ್ಲ. ನಿನ್ನ ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ನಗುನಗುತ್ತ ಓದಿದೆ. ಕೊನೆಯಲ್ಲಿ, ಸಹಿ ಹಾಕುವ ಮುಂಚೆ ಎರಡು ಸಾಲು ತುರುಕಿದ್ದೀಯಲ್ಲ, ಅದು ನಿದ್ದೆ ಕೆಡಿಸಿತು. ಗಿರಣಿಯಲ್ಲಿ ಡಬ್ಬಿ ಇಟ್ಟುಕೊಂಡು ಸಾಲಿನಲ್ಲಿ ನಿಂತೆಯಂತೆ, ನಡೀತಿದ್ದ ಮಾತು ತಟ್ಟನೆ ನಿಂತಿತಂತೆ, ಒಬ್ಬಾಕೆ ಇನ್ನೊಬ್ಬಾಕೆಗೆ ಮೊಣಕೈಲಿ ತಿವಿದು ‘ಸುಮ್ನಿರೇ, ಬರದ್‌ಬಿಡ್ತಾಳೆ’ ಅಂದಳಂತೆ. ‘ಹಿಂಗೇ ಆದರೆ ನಾನು ಏನು ಕೇಳಲಿ, ಏನು ಬರೀಲಿ ದೊಡ್ಡಪ್ಪ’ ಅಂತ ಕೇಳಿದ್ದೀಯ.

ಓದದವರು ಹೆದರುವುದಿಲ್ಲ ಅಂತ ಒಂದು ಸಮಾಧಾನ ಹೇಳಬಹುದು. ನಿಜವೇ. ಆದರೆ ಅದು ನನಗೇ ಸಾಲಲಿಲ್ಲ, ನಿನಗೆ ಹೇಗೆ ಸಾಲುತ್ತೆ? ಇಷ್ಟು ಬೇಗ, ಪೇಪರಿನಲ್ಲಿ ಹಾಸ್ಯದ ಕಾಲಂ ಶುರು ಮಾಡಿ ಎಂಟೇ ತಿಂಗಳಿಗೆ ಬಂತಲ್ಲ ಅನ್ನೋದೇ ನನ್ನ ಆತಂಕ. ನನಗೆ ಇದು ಬಂದದ್ದು ಬಹಳ ವರ್ಷದ ಮೇಲೆ.

ಬೆಂಗಳೂರಿನ ಪೇಪರಿನಲ್ಲಿ ಬರೆಯುವವರಿಗೆ ಈ ಕಾಟ ಇಲ್ಲ. ಅಲ್ಲಿ ಬರೆದವನ ಮುಖ ಓದಿದವನಿಗೆ ಗೊತ್ತಿಲ್ಲ, ಬರೆಸಿಕೊಂಡವನು ಇಬ್ಬರಿಗೂ ಗೊತ್ತಿಲ್ಲ. ದುರ್ಗದಲ್ಲಿ ಹಾಗಲ್ಲ. ನೀನು ಬೆಳಿಗ್ಗೆ ಅಚ್ಚಾದವಳು ಸಂಜೆ ತರಕಾರಿಗೆ ಹೋಗಬೇಕು. ಜನ ಗುರುತು ಹಿಡಿಯೋದು ಮೂರರಿಂದ: ಕಸುಬು, ಓಣಿ, ಚಾಳಿ. ಮೂರರಲ್ಲಿ ಒಂದು ಕೊಟ್ಟರೆ ಅದು ಎಲ್ಲರ ಕಥೆ. ಎರಡು ಕೊಟ್ಟರೆ ಓದುವವರು ಊಹೆ ಮಾಡುತ್ತ ಕೂರುತ್ತಾರೆ. ಮೂರೂ ಕೊಟ್ಟರೆ ಹೆಸರು ಬರೆದ ಹಾಗೇ. ನೀನು ಕಳಿಸಿದ ಕತ್ತರಿಕೆಗಳಲ್ಲಿ ಆ ಟೇಲರ್ ಬರಹ ನೋಡು. ಟೇಲರ್ ಅಂದೆ, ಸಂತೇಪೇಟೆ ಅಂದೆ, ಹಬ್ಬದ ಹಿಂದಿನ ದಿನ ಅಂಗಡಿ ಬಾಗಿಲು ಅರ್ಧ ಎಳೆದು ಒಳಗೆ ಕೂರುತ್ತಾನೆ ಅಂದೆ. ಬರಹ ಚೆನ್ನಾಗಿದೆ, ಎರಡು ಸಲ ಓದಿದೆ. ಆದರೆ ಸಂತೇಪೇಟೆ ಯಾಕೆ ಬೇಕಿತ್ತು? ಅದನ್ನು ತೆಗೆದರೆ ನಗು ಒಂದು ಕೂದಲೆಳೆಯಷ್ಟೂ ಕಮ್ಮಿಯಾಗೋದಿಲ್ಲ. ಎಲ್ಲ ಊರಿನ ಎಲ್ಲ ಟೇಲರೂ ಹಬ್ಬದ ಹಿಂದಿನ ದಿನ ಅರ್ಧ ಬಾಗಿಲಿನವರೇ.

ಗಿರಣಿಯ ಆ ಮೊಣಕೈ ಅಲ್ಲಿಂದ ಬಂದಿರಬೇಕು ಅಂತ ನನ್ನ ಗುಮಾನಿ. ಟೇಲರ್ ಹತ್ತಿರ ಹೋಗುವವರೂ ಗಿರಣಿಗೆ ಬರುವವರೂ ಒಬ್ಬರೇ ಅಲ್ಲವೇ.

ಕೇಳಿದ್ದನ್ನು ಆ ವಾರವೇ ಬರೆಯಬೇಡ. ನಲವತ್ತು ದಿನ ಬಿಡು ಅಂತ ನನ್ನ ಲೆಕ್ಕ, ಶಾಸ್ತ್ರವೇನಲ್ಲ. ಈ ವಾರದ ಮಾತು ಈ ವಾರವೇ ಅಚ್ಚಾದರೆ ಆಡಿದವರು ದಿನ, ಹೊತ್ತು, ಪಕ್ಕದಲ್ಲಿ ನಿಂತಿದ್ದವರು ಸಮೇತ ನೆನಪು ಮಾಡಿಕೊಳ್ಳುತ್ತಾರೆ. ನಲವತ್ತು ದಿನ ಕಳೆದರೆ ತಾವೇ ಆಡಿದ್ದು ಅಂತ ಅವರಿಗೂ ಖಾತ್ರಿ ಇರೋದಿಲ್ಲ. ಪೇಪರು ತೋರಿಸಿ ‘ನಮ್ಮ ಓಣೀಲೂ ಹಿಂಗೇ ಅಂತಾರೆ’ ಅಂತ ಅವರೇ ನಗುತ್ತಾರೆ. ಆದರೆ ಮಾತನ್ನು ಮಾತ್ರ ಕೇಳಿದ ಅರ್ಧ ಗಂಟೆಯೊಳಗೆ ಬರೆದಿಡು. ತಡವಾದರೆ ಅರ್ಥ ಉಳಿಯುತ್ತೆ, ವರಸೆ ಹೋಗುತ್ತೆ. ಸಾಲಿನಲ್ಲಿ ನಿಂತಾಗ ಪೆನ್ನನ್ನಾಗಲಿ ಫೋನನ್ನಾಗಲಿ ತೆಗೆಯಬೇಡ. ಒಂದು ಪದ ಬಾಯಲ್ಲಿ ಹಿಡಿದುಕೊಂಡು ಮನೆಗೆ ಬಾ, ಉಳಿದದ್ದು ಅದರ ಬಾಲ ಹಿಡಿದು ಬರುತ್ತೆ. ನೋಟ್‌ಪುಸ್ತಕದಲ್ಲಿ ತಾರೀಖು ಹಾಕು, ಯಾರು ಆಡಿದ್ದು ಅಂತ ಹಾಕಬೇಡ. ಆರು ತಿಂಗಳ ಮೇಲೆ ನಿನಗೇ ಮರೆತು ಹೋಗಲಿ.

ನೀನೇ ಬರೆದಿದ್ದೀಯಲ್ಲ, ಮಾತು ನಿಲ್ಲುವ ಮುಂಚೆ ಗಿರಣಿಯಲ್ಲಿ ಕಿವಿಗೆ ಬಿದ್ದದ್ದು: ‘ನಮ್ಮೆಜಮಾನ್ರು ಗಿರಣಿಗೆ ಬರಲ್ಲ, ಹಿಟ್ಟು ತಲೆ ಮೇಲೆ ಕೂತರೆ ವಯಸ್ಸಾದಂಗೆ ಕಾಣ್ತೈತಂತೆ’. ಚಿನ್ನದಂಥ ಸಾಲು. ಇದನ್ನು ‘ಪಕ್ಕದ ಮನೆಯಾಕೆ ಹೇಳಿದಳು’ ಅಂತ ಬರೆದರೆ ಆಕೆಯ ಗಂಡ ಮಾರನೇ ದಿನ ಬೀದಿಯಲ್ಲಿ ತಲೆ ತಗ್ಗಿಸಬೇಕು. ನಿಮ್ಮಪ್ಪನ ತಲೆಗೆ ಕಟ್ಟು. ‘ನಮ್ಮಪ್ಪ ಗಿರಣಿಗೆ ಹೋಗೋದಿಲ್ಲ’ ಅಂತ ಶುರು ಮಾಡು. ಅವನು ಬೇಜಾರು ಮಾಡಿಕೊಳ್ಳುವವನಲ್ಲ, ಮಾಡಿಕೊಂಡರೂ ಎಲ್ಲಿಗೆ ಹೋಗ್ತಾನೆ? ಹಾಸ್ಯದ ಕಾಲಂ ಬರೆಯುವವರ ಮನೆಯವರಿಗೆ ಇದು ಇರೋದೇ. ಆದರೆ ಅವನನ್ನೂ ಪ್ರತಿ ವಾರ ಎಳೆಯಬೇಡ. ಎರಡು ಸಲಕ್ಕೊಮ್ಮೆ ನೀನೇ ಪೆದ್ದಿಯಾಗು. ಬರೆಯುವವಳೇ ಎಡವಿ ಬಿದ್ದ ವಾರ ಅಂಗಡಿಯವರು ಕರೆದು ಚಹಾ ಕೊಡುತ್ತಾರೆ.

ಚಹಾ ಅಂದೆ. ಈಗ ನನ್ನದನ್ನು ಹೇಳಲೇಬೇಕು, ಚಿಕ್ಕದಾಗಿ ಹೇಳ್ತೀನಿ.

ನಮ್ಮ ಕಡೆಯ ಪೇಪರುಗಳಲ್ಲಿ, ತೀರಿಕೊಂಡವರ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆಯ ಜಾಹೀರಾತು ಬರುವುದು ನಿನಗೆ ಗೊತ್ತು. ರಾತ್ರಿ ಪುಟ ಕಟ್ಟುವ ಹೊತ್ತಿಗೆ ಬರುತ್ತೆ, ತಳ್ಳುವ ಹಾಗಿಲ್ಲ, ಮಾರನೇ ದಿನದ್ದೇ ಊಟ. ಒಂದು ಸಲ ನಾನು ಬರೆದದ್ದು ಊಟದ ಪಂಕ್ತಿಯ ಮೇಲೆ. ಹೋಳಿಗೆ ಬಡಿಸುವವರು ಯಾರ ಎಲೆ ಮುಂದೆ ನಿಲ್ಲುತ್ತಾರೆ, ಯಾರ ಎಲೆ ದಾಟಿ ಓಡುತ್ತಾರೆ ಅಂತ. ಯಾರನ್ನೂ ನೆನೆದು ಬರೆದದ್ದಲ್ಲ. ಬೆಳಿಗ್ಗೆ ನೋಡಿದರೆ ಅದರ ಪಕ್ಕದ ಕಾಲಂನಲ್ಲೇ ನಾವು ದಿನಾ ಚಹಾ ಕುಡಿಯುವ ಹೋಟೆಲಿನವರ ಮನೆಯ ಶಿವಗಣಾರಾಧನೆ. ಫೋಟೋ ಸಮೇತ. ಹತ್ತು ಗಂಟೆಗೆ ನಾನು ಹೋದಾಗ ಯಾರೂ ಜಗಳ ಆಡಲಿಲ್ಲ. ಚಹಾ ಬಂತು. ಮಾತು ಬರಲಿಲ್ಲ.

ಆವತ್ತೇ ಅವರ ಮನೆಗೆ ಹೋಗಬೇಕಿತ್ತು. ಹೋದರೆ ‘ಹೌದು, ನಿಮ್ಮ ಮೇಲೇ ಬರೆದದ್ದು’ ಅಂತ ಒಪ್ಪಿಕೊಂಡ ಹಾಗಾಗುತ್ತೆ ಅಂತ ಲೆಕ್ಕ ಹಾಕಿ ಹೋಗಲಿಲ್ಲ. ಹೋಟೆಲು ಬದಲಾಯಿಸಿದೆ. ಅಲ್ಲಿಯೂ ಸುದ್ದಿ ನನಗಿಂತ ಮುಂಚೆ ಹೋಗಿ ಕೂತಿತ್ತು. ಆಮೇಲೆ ಮನೆಯಲ್ಲೇ ಕೂತು ನಾಲ್ಕು ಪೇಪರು ಹರಡಿಕೊಂಡು ಮಂತ್ರಿಗಳ ಮೇಲೆ ಬರೆಯೋದು ಶುರು ಮಾಡಿದೆ. ಅದು ಸುಲಭ, ಅವರು ಚಹಾಕ್ಕೆ ಎದುರು ಸಿಕ್ಕೋದಿಲ್ಲ. ಆದರೆ ಬರಹ ಹುಳಿಯಾಯಿತು. ಮೊದಲು ನಾನು ಬರೆದದ್ದು ಓದಿ ಜನ ನಗುತ್ತಿದ್ದರು, ಆಮೇಲೆ ‘ಚೆನ್ನಾಗಿ ಚುಚ್ಚಿದ್ದೀರಿ’ ಅನ್ನತೊಡಗಿದರು. ಎರಡಕ್ಕೂ ಇರುವ ದೂರ ನನಗೆ ತಿಳಿಯೋಕೆ ಹತ್ತು ವರ್ಷ ಬೇಕಾಯಿತು. ನಿನ್ನ ಪತ್ರದ ಆ ಎರಡು ಸಾಲು ನನ್ನನ್ನು ಹಿಡಿದದ್ದು ಇದಕ್ಕೇ. ಮಾತು ನಿಂತದ್ದಕ್ಕೆ ನನ್ನ ಹೆದರಿಕೆ ಕಮ್ಮಿ. ನಿಂತಿತು ಅಂತ ನೀನು ಗಿರಣಿ ಬದಲಾಯಿಸುತ್ತೀಯೇನೋ ಅಂತ ಜಾಸ್ತಿ.

ಸರಿ. ಪುಟ ಕಟ್ಟುವವರಿಗೆ ಒಂದು ಮಾತು ಹೇಳಿಡು: ನನ್ನ ಕಾಲಂ ಪಕ್ಕ, ಕೆಳಗೆ ಏನು ಬರುತ್ತೆ ಅಂತ ರಾತ್ರಿ ಒಂದು ಫೋಟೋ ಕಳಿಸಿ ಅಂತ. ಈಗ ವಾಟ್ಸಾಪ್ ಇದೆ, ಎರಡು ನಿಮಿಷದ ಕೆಲಸ. ಪಕ್ಕದಲ್ಲಿ ನಿಧನ ವಾರ್ತೆ, ಅಪಘಾತ, ಶ್ರದ್ಧಾಂಜಲಿ ಇದ್ದರೆ ಜಾಗ ಬದಲಿಸಿ ಅನ್ನು, ಆಗದಿದ್ದರೆ ಇವತ್ತು ಬೇಡ ಅನ್ನು. ಊರಿನ ದೊಡ್ಡವರು ಯಾರಾದರೂ ತೀರಿಕೊಂಡ ದಿನ ಕೇಳುವುದೇ ಬೇಡ, ನೀನೇ ಫೋನ್ ಮಾಡಿ ವಾಪಸ್ ತಗೊ. ಇಂಥ ಹೊತ್ತಿಗೆ ಅಂತ ಎರಡು ಬರಹ ಬುತ್ತಿ ಕಟ್ಟಿಟ್ಟಿರಬೇಕು. ಮಳೆ, ಬಸ್ಸು, ಬಿಸಿಲು, ಯಾವ ದಿನ ತೆಗೆದರೂ ಹಳಸದಂಥವು.

ಕತ್ತರಿ ಪ್ರಯೋಗದ ಬಗ್ಗೆ ಬೈದುಕೊಂಡಿದ್ದೀಯ. ಬೈಯಬೇಡ, ಅದು ನಿನ್ನ ಮೇಲಿನ ದ್ವೇಷ ಅಲ್ಲ. ಮುನ್ನೂರೈವತ್ತು ಪದ ಅಂದರೆ ಎರಡು ಕಾಲಂ, ಸುಮಾರು ಇಪ್ಪತ್ತು–ಇಪ್ಪತ್ತೆರಡು ಸೆಂಟಿಮೀಟರ್. ಕೊನೇ ಗಳಿಗೆಯಲ್ಲಿ ಐದು ಸೆಂಟಿಮೀಟರಿನ ಜಾಹೀರಾತು ಬಂದರೆ ಪುಟ ಕಟ್ಟುವ ಹುಡುಗ ಓದುತ್ತ ಕೂರೋದಿಲ್ಲ, ಕೆಳಗಿನಿಂದ ಕತ್ತರಿಸುತ್ತಾನೆ. ನಿನ್ನ ನಗು ಇರೋದು ಕೊನೇ ಸಾಲಿನಲ್ಲಿ, ಹೋಯಿತು. ಅದಕ್ಕೆ ಮೂರನೇ ಪ್ಯಾರಾವನ್ನು ಕತ್ತರಿಸಲಿಕ್ಕೆಂದೇ ಬರೆ. ಇದ್ದರೆ ಚಂದ, ಹೋದರೆ ನಷ್ಟವಿಲ್ಲ ಅನ್ನುವ ಹಾಗೆ. ಪಕ್ಕದಲ್ಲಿ ‘ಜಾಗ ಸಾಲದಿದ್ದರೆ ಇದನ್ನು ತೆಗೆಯಿರಿ’ ಅಂತ ಗುರುತು ಹಾಕಿ ಕಳಿಸು.

ಅಕ್ಷರದ ಕಾಟ ಬೇರೆ. ನೀನು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೀಯ, ಅವರು ಹಳೇ ನುಡಿ ಫಾಂಟಿಗೆ ತಿರುಗಿಸಿ, ಪುಟ ಕಟ್ಟುವ ಪೇಜ್‌ಮೇಕರ್‌ಗೆ ಸುರಿಯುತ್ತಾರೆ. ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. ಅದನ್ನು ಸರಿ ಮಾಡುತ್ತೀನಿ ಅಂತ ಯಾರೋ ಕೈಯಾಡಿಸುತ್ತಾರೆ, ಆಗ ಹೊಸ ತಪ್ಪು ಹುಟ್ಟುತ್ತೆ. ಕಣ್ಣಿಗೆ ಕಾಣುವ ತಪ್ಪಿಗೆ ನಾನು ಹೆದರೋದಿಲ್ಲ, ಅರ್ಥ ಇರುವ ತಪ್ಪಿಗೆ ಹೆದರ್ತೀನಿ. ‘ಕೃತಜ್ಞ’ ಹೋಗಿ ‘ಕೃತಘ್ನ’ ಆದರೆ ಯಾವ ಯಂತ್ರವೂ ಹಿಡಿಯೋದಿಲ್ಲ. ಸಚಿವರ ‘ಭಾಷಣ’ ‘ಭೀಷಣ’ ಆಗೋಕೆ ಒಂದು ಗುಣಿತ ಸಾಕು. ಬೇರೆ ಕಡೆ ಇದು ಅಚ್ಚಿನ ತಪ್ಪು, ಹಾಸ್ಯದ ಕಾಲಂನಲ್ಲಿ ಯಾರೂ ನಂಬೋದಿಲ್ಲ, ‘ಬೇಕಂತಲೇ ಮಾಡಿದ್ದಾಳೆ’ ಅಂತಾರೆ. ಪ್ರೂಫನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದು. ಮೇಲಿನಿಂದ ಓದಿದರೆ ನೀನು ಬರೆದದ್ದನ್ನು ಮನಸ್ಸು ತಾನೇ ಓದಿಕೊಂಡು ಹೋಗುತ್ತೆ.

ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ನಮಗೆ ಒಂದು ಸುಖ ಇತ್ತು. ಕಂಪೋಸಿಂಗ್ ಮಾಡುವವರೇ ಮೊದಲ ಓದುಗರು. ಬಲಗೈ ಗೂಡಿನಿಂದ ಮೊಳೆ ಹೆಕ್ಕುತ್ತ, ಎಡಗೈಯ ಸ್ಟಿಕ್ಕಿನಲ್ಲಿ ಸಾಲು ಬೆಳೆಯುತ್ತ ಹೋಗುವಾಗ ಆ ಬಲಗೈ ಒಂದು ಗಳಿಗೆ ನಿಂತರೆ, ನಗು ಅಲ್ಲಿ ಬಿದ್ದಿದೆ ಅಂತ ಗೊತ್ತಾಗುತ್ತಿತ್ತು. ನಿಲ್ಲದಿದ್ದರೆ ವಾಪಸ್ ತಗೊಂಡು ತಿದ್ದುತ್ತಿದ್ದೆ. ಅದಕ್ಕಿಂತ ಮುಖ್ಯ, ‘ಇದು ಯಾರ ಮೇಲೆ ಸಾರ್?’ ಅಂತ ಅವರು ಕೇಳಿದರೆ ಆ ಬರಹ ಅಚ್ಚಿಗೆ ಹೋಗಬಾರದು ಅಂತ ಅರ್ಥ. ಹೋಳಿಗೆಯ ಬರಹಕ್ಕೆ ಯಾರೂ ಹಾಗೆ ಕೇಳಿರಲಿಲ್ಲ, ಅದೇ ವಿಚಿತ್ರ. ಈಗ ನಿನ್ನ ಬರಹವನ್ನು ಅಚ್ಚಿಗೆ ಮುಂಚೆ ಯಾರೂ ಓದೋದಿಲ್ಲ. ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ‘ಯಾರೇ ಅದು?’ ಅಂದರೆ ನಿಲ್ಲಿಸು.

ಕಾನೂನಿನ ಮಾತು ಕೇಳಿದ್ದೀಯ. ಮಾನಹಾನಿಗೆ ಮೊದಲು ಐಪಿಸಿ ಸೆಕ್ಷನ್ 499, 500 ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356 ಆಗಿದೆ. ಎರಡು ವರ್ಷದವರೆಗೆ ಸಾದಾ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ, ಹೊಸದಾಗಿ ಸಮುದಾಯ ಸೇವೆಯೂ ಸೇರಿದೆ. ಅದರ ವಿವರಣೆಯೊಂದನ್ನು ಹಾಸ್ಯ ಬರೆಯುವವರು ಬಾಯಿಪಾಠ ಮಾಡಬೇಕು: ವ್ಯಂಗ್ಯವಾಗಿ ಹೇಳಿದ್ದೂ ಮಾನಹಾನಿ ಆಗಬಹುದು. ‘ನಮ್ಮ ಪ್ರಾಮಾಣಿಕ ಕಂಟ್ರಾಕ್ಟರು’ ಅಂತ ಬರೆದು, ನಾನು ಹೊಗಳಿದ್ದೀನಲ್ಲ ಅಂದರೆ ನಡೆಯೋದಿಲ್ಲ. ತೀರಿಹೋದವರ ಮೇಲೆ ಬರೆದರೂ, ಮನೆಯವರನ್ನು ನೋಯಿಸುವ ಉದ್ದೇಶ ಇತ್ತು ಅಂತಾದರೆ, ಅಪರಾಧವೇ. ಸಾರ್ವಜನಿಕ ಕೆಲಸದಲ್ಲಿರುವವರ ಸಾರ್ವಜನಿಕ ನಡತೆಯ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳೋಕೆ ವಿನಾಯಿತಿ ಇದೆ. ಆದರೆ ಅದನ್ನು ಕೋರ್ಟಿನಲ್ಲಿ ತೋರಿಸಿಕೊಳ್ಳಬೇಕಾದವಳು ನೀನು, ಹೋಗಿಬರುವ ಬಸ್ ಚಾರ್ಜು ನಿನ್ನದು. ಇಷ್ಟು ಸಾಕು. ಕೋರ್ಟಿನ ನೋಟಿಸು ಬಂದವರನ್ನು ಕಂಡಿದ್ದೀನಿ, ಗಿರಣಿಯ ಮೌನದಷ್ಟು ಅದು ಯಾರನ್ನೂ ಕುಗ್ಗಿಸಿದ್ದು ಕಂಡಿಲ್ಲ.

ಜಾತಿ, ಮಠ, ಕಾಯಿಲೆ, ಹೆಣ್ಣು ನೋಡುವ ಶಾಸ್ತ್ರ, ಮಕ್ಕಳ ಮಾರ್ಕ್ಸು, ತೊದಲು. ಇವುಗಳ ಹತ್ತಿರ ಹೋಗಬೇಡ. ಹೋಗೋದಿಲ್ಲ ನೀನು, ಗೊತ್ತು, ಆದರೂ ಬರೆದೆ.

ಹಾಗಾದರೆ ಏನು ಉಳಿಯಿತು ಅಂತ ಕೇಳುತ್ತೀಯ. ಬೇಕಾದಷ್ಟಿದೆ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಹಿರಿಯೂರಿನ ದಾರಿಯಲ್ಲಿ ಎದುರಾದವರೆಲ್ಲ ಎಂಜಿನಿಯರುಗಳಾಗಿದ್ದರು, ಒಬ್ಬೊಬ್ಬರದು ಒಂದೊಂದು ಅಡಿಯ ಲೆಕ್ಕ. ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗ ಮಂಜೂರಾದದ್ದು 2011–12ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳಿಗೆ ಮೀಸೆ ಚಿಗುರುತ್ತಿದೆ. ನಮ್ಮೂರು ನಿಮ್ಮ ಜಿಲ್ಲೆಯಿಂದ ಬೇರೆಯಾದದ್ದು 1997ರಲ್ಲಿ, ಇವತ್ತಿಗೂ ಮದುವೆ ಮನೆಯಲ್ಲಿ ದುರ್ಗದವರೂ ದಾವಣಗೆರೆಯವರೂ ಕೂತರೆ ಪಾಲು ಇನ್ನೂ ಮುಗಿದಿಲ್ಲ ಅನ್ನೋ ಹಾಗೆ ಮಾತಾಡುತ್ತಾರೆ. ಬೆಣ್ಣೆ ದೋಸೆಯ ಬೆಣ್ಣೆ ಮೊದಲಿನಷ್ಟಿಲ್ಲ ಅನ್ನುವ ವಾದ ನನ್ನ ಅಪ್ಪನ ಕಾಲದ್ದು, ಆಗಲೂ ಮೊದಲಿನಷ್ಟಿರಲಿಲ್ಲ. ಇವುಗಳ ಮೇಲೆ ಎಷ್ಟು ಬರೆದರೂ ಯಾರ ಮೊಣಕೈಯೂ ಯಾರಿಗೂ ತಗಲೋದಿಲ್ಲ. ಒಂದೇ ಕೊರತೆ: ಬರೇ ಇವನ್ನೇ ಬರೆದರೆ ಬರಹದಲ್ಲಿ ಮನುಷ್ಯರ ದನಿ ಇರೋದಿಲ್ಲ, ದನಿ ಬೇಕಾದರೆ ಗಿರಣಿಗೇ ಹೋಗಬೇಕು. ನೋಡು, ಮತ್ತೆ ಅಲ್ಲಿಗೇ ಬಂದೆ.

ಸೊಸೈಟಿಯ ಕೆಲಸ ಬಿಟ್ಟು ಪೂರ್ತಿ ಬರೆಯುತ್ತೀನಿ ಅಂದಿದ್ದೀಯ. ಬೇಡ ಅನ್ನೋಕೆ ನನಗೆ ಹಕ್ಕಿಲ್ಲ, ಆದರೂ ಬೇಡ. 1942ರಿಂದ 1967ರವರೆಗೆ ಕೊರವಂಜಿ ಹಾಸ್ಯ ಪತ್ರಿಕೆ ನಡೆಸಿದ ರಾಶಿಯವರು, ಅಂದರೆ ಎಂ. ಶಿವರಾಂ, ಡಾಕ್ಟರು. ಅದರಲ್ಲಿ ಬರೆಯುತ್ತಿದ್ದ ನಾ. ಕಸ್ತೂರಿ ಮೇಷ್ಟ್ರು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀchi ಅಂತ ಬರೆದುಕೊಳ್ಳುತ್ತಿದ್ದ ಹಾಸ್ಯ ಲೇಖಕ ಬೀಚಿಯವರು ಸರ್ಕಾರಿ ನೌಕರಿಯಲ್ಲಿದ್ದವರು. ಅನ್ನ ಬೇರೆ ಕಡೆ ಇತ್ತು ಅನ್ನೋದು ಒಂದು. ಇನ್ನೊಂದು ನನಗೆ ಈಚೆಗೆ ಹೊಳೆದದ್ದು: ಡಾಕ್ಟರ ಮುಂದೆ, ಮೇಷ್ಟ್ರ ಮುಂದೆ ಯಾರೂ ಬಾಯಿ ಮುಚ್ಚಿಕೊಂಡು ಕೂರೋ ಹಾಗಿಲ್ಲ. ನಿನ್ನ ಕೌಂಟರ್ ಕೂಡ ಹಾಗೇ. ಅಲ್ಲಿ ಕೇಳಿದ ಒಂದಕ್ಷರವನ್ನೂ ಬರೆಯಬೇಡ, ಸಾಲದ ವಿಚಾರ ಅದು. ಆದರೆ ಜನ ಹೇಗೆ ಮಾತಾಡುತ್ತಾರೆ ಅನ್ನೋದು ಕಿವಿಯಲ್ಲಿ ತಾಜಾ ಇರುತ್ತೆ. ನನಗೆ ಅಂಥ ಕೌಂಟರ್ ಇರಲಿಲ್ಲ.

ಯಾರಿಗಾದರೂ ನೋವಾಯಿತು ಅಂತ ತಿಳಿದರೆ ಅವತ್ತೇ ಹೋಗು, ಒಬ್ಬಳೇ ಹೋಗು, ಪೇಪರಿನವರನ್ನು ಕರೆದುಕೊಂಡು ಹೋಗಬೇಡ. ‘ತಮಾಷೆಗೆ ಬರೆದದ್ದು’ ಅನ್ನಬೇಡ, ಅದು ಎಲ್ಲರಿಗೂ ಗೊತ್ತಿರುತ್ತೆ. ಬರಹದ ಅರ್ಥ ಬಿಡಿಸಿ ಹೇಳಬೇಡ. ‘ನಿಮಗೆ ಹಾಗೆ ಅನಿಸಿತು ಅಂತ ಕೇಳಿದೆ, ತಪ್ಪಾಯಿತು’ ಅಂತಷ್ಟೇ ಹೇಳಿ, ಕೊಟ್ಟದ್ದನ್ನು ಕುಡಿದು ಬಾ. ಪೇಪರಿನಲ್ಲಿ ಹಾಕಬೇಕಾಗಿ ಬಂದರೆ ಅದೇ ಪುಟ, ಅದೇ ಜಾಗ, ನಾಲ್ಕು ಸಾಲು, ಒಂದೂ ಚಾಟೂಕ್ತಿ ಇಲ್ಲದೆ. ಆ ಟೇಲರ್ ಹತ್ತಿರ ಒಂದು ರವಿಕೆ ಹೊಲಿಯೋಕೆ ಕೊಡು ಅಂತ ನನ್ನ ಅಭಿಪ್ರಾಯ. ಹಬ್ಬದ ಹಿಂದಿನ ದಿನ ಕೇಳಬೇಡ ಅಷ್ಟೇ.

ಗಿರಣಿಗೆ ಬರ್ತೀನಿ. ಅಲ್ಲಿಯ ಸಾಲಿನ ರಾಜಕೀಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಕಲ್ಲಿನ ಸಂದಿಯಲ್ಲಿ ಹಿಂದಿನವರ ಹಿಟ್ಟು ಒಂದಿಷ್ಟು ಉಳಿದಿರುತ್ತೆ, ಅದು ಮುಂದಿನವರ ಡಬ್ಬಿಗೇ ಬೀಳೋದು. ಗೋಧಿಯ ಹಿಂದೆ ರಾಗಿ ಹಾಕಿಸೋಕೆ ಯಾರದೂ ತಕರಾರಿಲ್ಲ. ರಾಗಿಯ ಹಿಂದೆ ಗೋಧಿ ಹಾಕಿಸೋಕೆ ಯಾರೂ ಒಪ್ಪೋದಿಲ್ಲ, ಚಪಾತಿ ಕಪ್ಪಾಗುತ್ತೆ. ಅದಕ್ಕೆ ‘ನೀವು ಹೋಗ್ರಿ’, ‘ಇಲ್ಲ, ನೀವೇ ಮೊದಲು ಹಾಕಿಸ್ಕಳ್ರಿ’ ಅಂತ ಅಷ್ಟೊಂದು ಮರ್ಯಾದೆ ನಡೆಯೋದು.

ಈ ಶನಿವಾರ ಅದೇ ಗಿರಣಿಗೆ, ಅದೇ ಹೊತ್ತಿಗೆ ಹೋಗು. ಗೋಧಿ ತಗೊಂಡು ಹೋಗು. ರಾಗಿ ಡಬ್ಬಿ ಬಂದಾಗ ಅದರ ಹಿಂದೆ ನಿನ್ನದನ್ನು ಇಡು. ಬಾಯಿ ಮುಚ್ಚಿ ನಿಂತವರೂ ಆಗ ಏನಾದರೂ ಅಂದೇ ಅಂತಾರೆ, ‘ಅಯ್ಯೋ, ರಾಗಿ ಹಿಂದೆ ಯಾಕವ್ವ ಹಾಕಿಸ್ತೀಯ’ ಅಂತಲಾದರೂ. ಮಾತು ಶುರುವಾದರೆ ಸುಮ್ಮನೆ ಕೇಳಿಸಿಕೊ.

ಅದನ್ನು ಮಾತ್ರ ಬರೆಯಬೇಡ.

ಚಪಾತಿ ಕಪ್ಪಾಯಿತು ಅಂತ ನಿಮ್ಮಮ್ಮ ಬೈದರೆ ನನ್ನ ಹೆಸರು ಹೇಳು.

ಇಂತಿ,
ನಿನ್ನ ದೊಡ್ಡಪ್ಪ